ಮಾಲಿಗಾಯಾ ಕಾಲುವೆಯಲ್ಲಿ ಯಾರೂ ಇಲ್ಲವೆಂದು ನಾನು ಹಾಕಿದ ಸಹಿ

ಮಾನ್ಯ ನಗರ ಗಣತಿ ಮುಖ್ಯಾಧಿಕಾರಿಗಳೇ,

ಸಂತೆಯ ಹಿಂಬದಿಯ ಮಾಲಿಗಾಯಾ ಕಾಲುವೆಯ ಮೇಲೆ ಬದುಕುತ್ತಿದ್ದ ನಾನೂರ ಹನ್ನೆರಡು ಜನರನ್ನು ನಿಮ್ಮ ಕಚೇರಿ ಜನಗಣತಿಯಿಂದ ಅಳಿಸಿಹಾಕಿತು. ಅಳಿಸಿದ ಕೈ ನನ್ನದು. ದೂರು ಕೊಡಲು ಕುಳಿತವಳು ಮೊದಲು ತನ್ನ ಮೇಲೆಯೇ ದೂರು ಕೊಟ್ಟುಕೊಳ್ಳಬೇಕಾಗಿ ಬಂದುದರಿಂದ ಈ ಪತ್ರ ಇಷ್ಟು ತಡವಾಯಿತು. ಕಚೇರಿಯ ವಿಳಾಸಕ್ಕೆ ಕಳಿಸದೆ ಪತ್ರಿಕೆಗೆ ಏಕೆ ಕೊಟ್ಟೆ ಎಂದು ನೀವು ಮುನಿಸಿಕೊಳ್ಳಬಹುದು. ಕಚೇರಿಗೆ ಮೂರು ಸಲ ಬಂದೆ. ಅಲ್ಲಿ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಕಳೆದ ತಿಂಗಳು ನೀವು ಬಿಡುಗಡೆ ಮಾಡಿದ ನುಣುಪು ಕಾಗದದ ಪುಸ್ತಿಕೆಯನ್ನು ಎಲ್ಲ ಸರ್ಕಾರಿ ಶಾಲೆಗಳಿಗೂ ಕಳಿಸಿದ್ದೀರಿ. ನಮಗೂ ಐದು ಪ್ರತಿ ಬಂತು. ಟೋಕಿಯೊ, ಸೋಲ್, ಲಂಡನ್, ಸಿಂಗಪುರಗಳ ಪಕ್ಕದಲ್ಲಿ, ಮನಿಲಾ ಮಹಾನಗರದ ತೆಕ್ಕೆಯಲ್ಲಿ ಇರುವ ನಮ್ಮ ಪುಟ್ಟ ನಗರವೂ ಎದೆಯುಬ್ಬಿಸಿ ನಿಂತಿದೆ. ಜನಸಂಖ್ಯೆ ಇಷ್ಟು, ಚದರ ಕಿಲೋಮೀಟರಿಗೆ ಇಷ್ಟು ಮಂದಿ, ತಲಾ ಆದಾಯ ಇಷ್ಟು, ಬಡವರು ನೂರಕ್ಕೆ ಇಷ್ಟು. ಹೊದಿಕೆಯ ಮೇಲೆ ಕಡಲಿಗೆ ಮುಖಮಾಡಿದ ಗಾಜಿನ ಗೋಪುರ. ನೋಡಿದವರಿಗೆ ಹೆಮ್ಮೆಯೆನಿಸಬೇಕು. ನನಗೆ ಪುಟ ತಿರುವಲು ಕೈ ಬರಲಿಲ್ಲ. ನಾನು ನಾಲ್ಕನೇ ತರಗತಿಗೆ ಗಣಿತ ಕಲಿಸುವವಳು. ಭಾಗಾಕಾರದಲ್ಲಿ ಉತ್ತರ ದೊಡ್ಡದಾಗಬೇಕಾದರೆ ಎರಡು ದಾರಿಗಳಿವೆಯೆಂದು ಒಂಬತ್ತು ವರ್ಷದ ಮಕ್ಕಳಿಗೂ ಗೊತ್ತು. ಮೇಲಿನ ಸಂಖ್ಯೆಯನ್ನು ಹೆಚ್ಚಿಸಬಹುದು, ಇಲ್ಲವೇ ಕೆಳಗಿನದನ್ನು ಇಳಿಸಬಹುದು. ಆದಾಯ ಹೆಚ್ಚಿಸುವುದು ಕಷ್ಟದ ಕೆಲಸ, ವರ್ಷಗಟ್ಟಲೆ ಹಿಡಿಯುತ್ತದೆ. ತಲೆಗಳ ಎಣಿಕೆ ಇಳಿಸುವುದಕ್ಕೆ ಒಂದು ಮಧ್ಯಾಹ್ನ ಸಾಕು. ಆ ಮಧ್ಯಾಹ್ನ ನಾನು ನಿಮ್ಮ ಸಭಾಂಗಣದಲ್ಲಿದ್ದೆ. ನೀವೂ ಇದ್ದಿರಿ, ಹಿಂದಿನ ಸಾಲಿನಲ್ಲಿ, ಒಂದು ಮಾತೂ ಆಡದೆ.

ಗಣತಿ ನಡೆದದ್ದು ಹೋದ ವರ್ಷದ ಬೇಸಿಗೆಯಲ್ಲಿ. ರಜೆಯಲ್ಲಿ ಶಿಕ್ಷಕರನ್ನೇ ಎಣಿಕೆಗೆ ಹಾಕುವುದು ಎಂದಿನ ಪದ್ಧತಿ. ನನಗೆ ಬಂದ ಭಾಗದಲ್ಲಿ ಮಾಲಿಗಾಯಾ ಕಾಲುವೆಯೂ ಸೇರಿತ್ತು. ಸಂತೋಷವೆಂಬ ಅರ್ಥದ ಹೆಸರನ್ನು ಆ ಕಪ್ಪು ನೀರಿಗೆ ಇಟ್ಟವರು ಯಾರೋ, ತಮಾಷೆಯ ಮನುಷ್ಯರಿರಬೇಕು. ನೀರಿನ ಮೇಲೆ ಬಿದಿರು ಕಂಬ ನೆಟ್ಟು, ಹಲಗೆ ಹಾಸಿ, ತಗಡು ಹೊದಿಸಿದ ಎಂಬತ್ತಮೂರು ಮನೆಗಳು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದಡಿ ಅಗಲದ ಹಲಗೆ. ಮೊದಲ ದಿನ ನಾನು ಆ ಹಲಗೆಯ ಮೇಲೆ ಸಲೀಸಾಗಿ ನಡೆದುಹೋದದ್ದು ನೋಡಿ ಅಲ್ಲಿನವರಿಗೆ ಆಶ್ಚರ್ಯ. "ಮ್ಯಾಮ್‌ಗೆ ಅಭ್ಯಾಸ ಇದ್ದ ಹಾಗಿದೆಯಲ್ಲ!" ಎಂದರು. ನಾನು ನಕ್ಕು ಮುಂದಿನ ಮನೆಗೆ ನಡೆದೆ. ನಾನು ಹುಟ್ಟಿ ಹನ್ನೊಂದು ವರ್ಷ ಬೆಳೆದದ್ದು ಇಂಥದೇ ಇನ್ನೊಂದು ಕಾಲುವೆಯ ಮೇಲೆ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಇದನ್ನು ಒಬ್ಬ ಸಹೋದ್ಯೋಗಿಗೂ ಹೇಳಿರಲಿಲ್ಲ. ಇವತ್ತು ಇಡೀ ಊರಿಗೆ ಹೇಳುತ್ತಿದ್ದೇನೆ.

ಮೂರು ದಿನ ಎಣಿಸಿದೆ. ಮೂರನೆಯ ದಿನ, ಹಿರಿಯಳೆಂಬ ಗೌರವಕ್ಕೆ ಎಲ್ಲರೂ ಆಲಿಂಗ್ ಎಂದು ಸೇರಿಸಿ ಕರೆಯುವ ಸಾಬೆಲ್ ಮನೆ. ಅರವತ್ತು ದಾಟಿದ ಹೆಂಗಸು, ಬಾಗಿಲಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸುತ್ತ ಮೂರು ಗೋಣಿಚೀಲ, ಎದುರಿಗೆ ನೀರು ತುಂಬಿದ ಬೋಗುಣಿ. ಅವಳ ಮಗಳು ತೀರಿಕೊಂಡಿದ್ದಳು. ಅಳಿಯ ರೋಹೆಲ್ ಮತ್ತು ಮೊಮ್ಮಗಳು ಮರಿಫೆ ಜೊತೆಗಿದ್ದರು. ಮರಿಫೆ ಆಗ ಮೂರನೇ ತರಗತಿ ಮುಗಿಸಿ ಮುಂದಿನ ವರ್ಷಕ್ಕೆ ನನ್ನ ತರಗತಿಗೆ ಬರಲಿದ್ದ ಹುಡುಗಿ.

"ಉದ್ಯೋಗ ಏನಂತ ಬರೀಲಿ ಆಲಿಂಗ್ ಸಾಬೆಲ್?" ಎಂದೆ.

"ಕಾಣಿಸ್ತಿಲ್ವಾ ಮ್ಯಾಮ್? ಹೋಟೆಲ್ ಉದ್ಯಮ ಅಂತ ಬರೀರಿ."

"ಬೆಳ್ಳುಳ್ಳಿ ಸುಲಿಯೋದು ಅಂತ ಬರೀತೀನಿ."

"ಬರೀರಿ, ಏನಾದ್ರೂ ಬರೀರಿ. ಆದ್ರೆ ಆ ಐವತ್ತು ಅಂತಸ್ತಿನ ಹೋಟೆಲ್ನೋರು ನಾನು ಒಂದ್ವಾರ ಜ್ವರ ಬಂದು ಮಲಗಿದ್ರೆ ಅಡುಗೆ ಮಾಡ್ಲಿ, ನೋಡೋಣ! ನನ್ನ ಅಳಿಯ ಬೇರೆ ಆ ಕಡಲ ಪಕ್ಕದ ಗೋಪುರಕ್ಕೆ ಕಬ್ಬಿಣ ಬಗ್ಗಿಸ್ತಿದಾನೆ. ಅವನು ಕಟ್ಟೋದು, ನಾನು ಒಗ್ಗರಣೆ ಹಾಕೋದು. ಈ ಊರು ನಮ್ಮ ಮನೇಲೇ ನಡೀತಾ ಇದೆ ಮ್ಯಾಮ್, ಹಾಗಂತ ಬರ್ಕೊಳ್ಳಿ."

ಅಕ್ಕಪಕ್ಕದ ಮನೆಗಳಿಂದ ನಗು ಕೇಳಿಸಿತು. ನಾನೂ ನಕ್ಕೆ. ಬಾಗಿಲಿಗೆ ಗಣತಿಯ ಚೀಟಿ ಅಂಟಿಸಿದಾಗ ಅವಳು ಬೆಳ್ಳುಳ್ಳಿಯ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅದರ ಅಂಚುಗಳನ್ನು ತಾನೇ ಒತ್ತಿ ಒತ್ತಿ ಕೂರಿಸಿದಳು. "ಮೂವತ್ತಾರು ವರ್ಷದಲ್ಲಿ ಸರ್ಕಾರ ಈ ಬಾಗಿಲಿಗೆ ಅಂಟಿಸಿದ ಮೊದಲ ಕಾಗದ ಮ್ಯಾಮ್ ಇದು. ಕಿತ್ಹಾಕೋ ಕಾಗದ ಅಲ್ಲ ತಾನೇ?" ಎಂದಳು. ಅಲ್ಲ ಎಂದೆ.

ಮುಂದಿನ ವಾರ ನಿಮ್ಮ ಸಭಾಂಗಣ. ವಲಯದ ಮೇಲ್ವಿಚಾರಕರು ನಾನು ತುಂಬಿದ ಗಣತಿ ನಮೂನೆಗಳ ಕಟ್ಟನ್ನು ಮುಂದಿಟ್ಟುಕೊಂಡು ಬಹಳ ಮೃದುವಾಗಿ ಮಾತಾಡಿದರು. ಗದರಿದ್ದರೆ ನಾನು ಎದುರು ನಿಲ್ಲುತ್ತಿದ್ದೆನೇನೋ ಎಂದು ಈಗ ಅಂದುಕೊಳ್ಳುತ್ತೇನೆ. ಅದೂ ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳುವ ಮಾತು.

"ಮ್ಯಾಮ್ ರೆಮಿ, ಈ ಮನೆಗಳಿಗೆ ನಂಬರ್ ಎಲ್ಲಿ?"

"ನಂಬರ್ ಇಲ್ಲ ಸರ್. ಜನ ಇದಾರೆ."

"ನಂಬರ್ ಇಲ್ದಿದ್ರೆ ಅದು ಮನೆ ಅಲ್ಲ. ನೀರಿನ ಮೇಲಿದೆ, ಹಾಗಾಗಿ ನೆಲಾನೂ ಅಲ್ಲ. ಮನೇನೂ ಅಲ್ಲ, ನೆಲಾನೂ ಅಲ್ಲ ಅಂದ್ಮೇಲೆ ಅಲ್ಲಿ ನಿವಾಸಿ ಅಂತ ಯಾರನ್ನ ಬರೀತೀರಿ? ಹೇಗಿದ್ರೂ ಇವತ್ತಲ್ಲ ನಾಳೆ ಎಬ್ಬಿಸ್ತಾರೆ. ಅವರು ನಿಜವಾಗ್ಲೂ ಈ ನಗರದವರಲ್ಲ ಮ್ಯಾಮ್, ಹಾದು ಹೋಗೋರು. ನಮ್ಮ ಅಂಕಿ ಅಂಶ ಹೊರದೇಶದವರು ನೋಡ್ತಾರೆ. ನಿಮಗೆ ಅರ್ಥ ಆಗತ್ತೆ, ನೀವು ಗಣಿತದ ಟೀಚರ್."

ಅವರು ನಗರದವರಲ್ಲ ಎಂದಾಗ ನಾನು ತಲೆಯಾಡಿಸಿದೆ. ಒಪ್ಪಿ ಆಡಿಸಿದ್ದಲ್ಲ. ನಾನು ಎಲ್ಲಿಂದ ಬಂದವಳೆಂದು ಈ ಕೋಣೆಯಲ್ಲಿ ಯಾರಿಗಾದರೂ ಗೊತ್ತಾಗಿಬಿಟ್ಟರೆ ಎಂಬ ಭಯಕ್ಕೆ ಕುತ್ತಿಗೆ ತಾನಾಗಿ ಆಡಿತು. ಆಮೇಲೆ ಅವರು, "ನಿವೃತ್ತಿಗೆ ಎಷ್ಟು ವರ್ಷ ಉಳೀತು ಮ್ಯಾಮ್?" ಎಂದು ಕೇಳಿದರು. ನಾಲ್ಕು ಎಂದೆ. "ಆರಾಮಾಗಿ ಕಳೀಬೇಕು ಅಲ್ವಾ?" ಎಂದು ನಕ್ಕರು. ಅಷ್ಟೇ. ಯಾರೂ ನನ್ನ ಕೈ ತಿರುಚಲಿಲ್ಲ. ಎಂಬತ್ತಮೂರು ನಮೂನೆಗಳು ಅವರ ಮೇಜಿನ ಕೆಳಗೆ ಹೋದವು, ಒಂದೇ ಒಂದು ಹೊಸ ಹಾಳೆ ಮೇಲೆ ಬಂತು. ಅದರಲ್ಲಿ ನನ್ನ ಕೈಬರಹದಲ್ಲೇ "ಜಲಮಾರ್ಗ, ನಿರ್ವಸತಿ, ಜನ: ಶೂನ್ಯ" ಎಂದು ಬರೆದು ಸಹಿ ಹಾಕಿದೆ. ಸಹಿ ಹಾಕಿದವರಿಗೆಲ್ಲ ಊಟದ ಪೊಟ್ಟಣ ಕೊಟ್ಟರು. ಅನ್ನ, ಕೋಳಿ ಅಡೋಬೊ. ಮುಚ್ಚಳ ತೆಗೆದರೆ ಬೆಳ್ಳುಳ್ಳಿಯ ಘಮ. ಹಸಿವಾಗಿತ್ತು, ತಿಂದೆ. ಎಲ್ಲವನ್ನೂ ತಿಂದೆ. ಈ ಪತ್ರದಲ್ಲಿ ಬೇರೆ ಏನನ್ನು ಬರೆಯುವುದಕ್ಕೂ ಇಷ್ಟು ನಾಚಿಕೆಯಾಗಿಲ್ಲ.

ಜೂನ್‌ನಲ್ಲಿ ಶಾಲೆ ತೆರೆಯಿತು. ನನ್ನ ತರಗತಿಯ ನಲವತ್ತೆಂಟು ಮಕ್ಕಳಲ್ಲಿ ಹದಿನಾಲ್ಕು ಮಂದಿ ಮಾಲಿಗಾಯಾದವರು. ದಿನವೂ ಬೆಳಿಗ್ಗೆ ಹಾಜರಿ ಕರೆಯುತ್ತಿದ್ದೆ. ಆ ಹದಿನಾಲ್ಕು ಹೆಸರು ಬಂದಾಗ ಆ ಮಕ್ಕಳು ಎದ್ದು ನಿಂತು, "ಇದೀನಿ ಮ್ಯಾಮ್!" ಎಂದು ಕೂಗುತ್ತಿದ್ದರು. ಮರಿಫೆಯ ದನಿ ಎಲ್ಲರಿಗಿಂತ ಜೋರು. ನಿಮ್ಮ ಪುಸ್ತಿಕೆಯ ಲೆಕ್ಕದಲ್ಲಿ ನಾನು ಎಂಟು ತಿಂಗಳು ಹದಿನಾಲ್ಕು ಖಾಲಿ ಕುರ್ಚಿಗಳಿಗೆ ಭಾಗಾಕಾರ ಕಲಿಸಿದೆ, ಮಾನ್ಯರೇ. ಅವರಲ್ಲಿ ಕೆಲವು ಖಾಲಿ ಕುರ್ಚಿಗಳು ಬಹಳ ಜಾಣರಿದ್ದರು.

ಬರೆದ ಸೊನ್ನೆಗೆ ಕೈಕಾಲು ಬರುತ್ತದೆಂದು ಗೊತ್ತಾದದ್ದು ಈ ಫೆಬ್ರವರಿಯಲ್ಲಿ. ಬೆಳಿಗ್ಗೆ ಒಂಬತ್ತೂವರೆಗೆ ಪಾಠ ನಡೆಯುತ್ತಿದ್ದಾಗ ರೋಹೆಲ್ ಕಿಟಕಿಯ ಹೊರಗೆ ಬಂದು ನಿಂತ. ಏದುಸಿರು ಬಿಡುತ್ತಿದ್ದ.

"ಮ್ಯಾಮ್, ಯಂತ್ರ ಬಂದಿದೆ. ಕಾಲುವೆ ಕೊನೇಲಿ ನೀರೆತ್ತೋ ಸ್ಥಾವರ ಕಟ್ತಾರಂತೆ. ಮನೆ ಕೀಳ್ತೀವಿ ಅಂತಿದಾರೆ. ನಮ್ಮನ್ನ ಎಣಿಸಿದ್ದು ನೀವೇ ಅಲ್ವಾ, ಬಂದು ಒಂದ್ಮಾತು ಹೇಳಿ ಸಾಕು."

ಪಕ್ಕದ ತರಗತಿಯ ಶಿಕ್ಷಕಿಗೆ ಮಕ್ಕಳನ್ನು ಒಪ್ಪಿಸಿ ಅವನ ಹಿಂದೆ ಹೋದೆ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ, ಆ ಹಾಳೆ ಅಲ್ಲಿ ಇರದಿರಲಿ ಎಂದು. ಜನರ ಮನೆ ಉಳಿಯಲಿ ಎಂದು ಪ್ರಾರ್ಥಿಸಿದ್ದು ಎರಡನೆಯದಾಗಿ.

ಹಾಳೆ ಅಲ್ಲೇ ಇತ್ತು. ಹಳದಿ ಟೋಪಿಯ ಎಳೆಯ ಎಂಜಿನಿಯರ್ ಒಬ್ಬ ಅದನ್ನು ಬರೆಯುವ ರಟ್ಟಿಗೆ ಸಿಕ್ಕಿಸಿಕೊಂಡು ನಿಂತಿದ್ದ. ಎದುರಿಗೆ ಸಾಬೆಲ್, ಬೆಳ್ಳುಳ್ಳಿಯ ಮೊರ ಸೊಂಟಕ್ಕೊತ್ತಿ.

"ಲೋಲಾ, ನಾನೇನು ಮಾಡ್ಲಿ ಹೇಳಿ," ಅವನು ಅಜ್ಜಿಗೆ ಹೇಳುವ ಹಾಗೆಯೇ ಹೇಳುತ್ತಿದ್ದ. "ಜನ ಇದ್ದಿದ್ರೆ ಮೂವತ್ತು ದಿನ ಮುಂಚೆ ನೋಟಿಸ್ ಕೊಡ್ಬೇಕಿತ್ತು, ಬೇರೆ ಕಡೆ ಮನೆ ತೋರಿಸ್ಬೇಕಿತ್ತು. ಆದ್ರೆ ಇದ್ರಲ್ಲಿ ಇಲ್ಲಿ ಯಾರೂ ಇಲ್ಲ ಅಂತ ಇದೆ."

"ಯಾರೂ ಇಲ್ವಾ? ಮತ್ತೆ ನಿನ್ ಜೊತೆ ಅರ್ಧ ಗಂಟೆಯಿಂದ ಜಗಳ ಆಡ್ತಿರೋದು ದೆವ್ವಾನಾ ಮಗಾ?"

ಜನ ಘೊಳ್ಳೆಂದು ನಕ್ಕರು. ಎಂಜಿನಿಯರನೂ ತಲೆ ತಗ್ಗಿಸಿ ನಕ್ಕ. ಯಂತ್ರ ಗುರುಗುಡುತ್ತ ನಿಂತಿದ್ದ ಜಾಗದಲ್ಲೂ ನಗಬಲ್ಲ ಜನ ಅವರು. ಅಷ್ಟರಲ್ಲಿ ಸಾಬೆಲ್ ನನ್ನನ್ನು ಕಂಡಳು. ಅವಳ ಮುಖ ಅರಳಿದ್ದನ್ನು ನಾನು ಇನ್ನೂ ಮರೆತಿಲ್ಲ.

"ಬಂದ್ರು ನೋಡು! ಇವ್ರೇ ನಮ್ಮನ್ನ ಎಣಿಸಿದ್ದು. ಮೂರು ದಿನ ಮನೆಮನೆಗೂ ಬಂದಿದ್ರು. ಬಾಗಿಲಲ್ಲಿ ಚೀಟಿ ಇದೆ ಬೇಕಾದ್ರೆ ನೋಡು. ಹೇಳಿ ಮ್ಯಾಮ್, ಈ ಹುಡುಗನಿಗೆ ಹೇಳಿ!"

ಎಂಜಿನಿಯರ್ ನನ್ನತ್ತ ತಿರುಗಿ, "ಹೌದಾ ಮ್ಯಾಮ್? ನೀವು ಎಣಿಸಿದ್ರಾ?" ಎಂದ. ಅವನ ದನಿಯಲ್ಲಿ ಆಸೆಯಿತ್ತು. ನಾನು ಹೌದೆಂದರೆ ಅವನಿಗೂ ಆ ದಿನದ ಕೆಲಸ ತಪ್ಪುತ್ತಿತ್ತು.

ನಾನು ಹೇಳಿದ್ದಿಷ್ಟು: "ನಮೂನೆಗಳನ್ನ ಕಚೇರಿಗೆ ಕೊಟ್ಟಿದ್ದೆ."

ಸುಳ್ಳಲ್ಲ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ನಿಮ್ಮ ಕಚೇರಿಯಿಂದ ನಾನು ಕಲಿತದ್ದು ಇದನ್ನೇ ಇರಬೇಕು. ಎಂಜಿನಿಯರ್ ನನ್ನ ಕೊರಳಲ್ಲಿ ತೂಗುತ್ತಿದ್ದ ಶಾಲೆಯ ಗುರುತುಚೀಟಿ ನೋಡಿದ. ಆಮೇಲೆ ಕೈಯಲ್ಲಿದ್ದ ಹಾಳೆಯ ಕೆಳತುದಿ ನೋಡಿದ. ಎರಡೂ ಕಡೆ ಒಂದೇ ಹೆಸರು. ಅವನು ಅದನ್ನು ಗಟ್ಟಿಯಾಗಿ ಓದಬಹುದಿತ್ತು. ಓದಲಿಲ್ಲ. ಸಹಿ ಒಳಗೆ ಹೋಗುವ ಹಾಗೆ ಹಾಳೆಯನ್ನು ಎರಡು ಮಡಿಕೆ ಮಡಚಿ ಕಿಸೆಗೆ ಹಾಕಿಕೊಂಡು, ಯಂತ್ರದವನ ಕಡೆ ತಿರುಗಿ, "ಎಂಜಿನ್ ಸರಿ ಇಲ್ಲ ಅಂದ್ಯಲ್ಲ, ಇವತ್ತು ಬೇಡ, ನಾಳಿದ್ದು ನೋಡೋಣ," ಎಂದ. ಎಂಜಿನ್‌ಗೆ ಏನೂ ಆಗಿರಲಿಲ್ಲ. ಅವನ ಕೈಯಲ್ಲಿದ್ದದ್ದು ಎರಡು ದಿನ; ಎರಡು ದಿನವನ್ನೇ ಕೊಟ್ಟ. ನನ್ನ ಕೈಯಲ್ಲಿ ಅದಕ್ಕಿಂತ ಹೆಚ್ಚಿತ್ತು.

ಆ ಎರಡು ದಿನದಲ್ಲಿ ಅವರು ತಗಡು, ಹಲಗೆ, ಪಾತ್ರೆಗಳನ್ನು ಹೊತ್ತುಕೊಂಡು ಚದುರಿದರು. ಶನಿವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಹಾಳೆ ನಿಜವಾಗಿತ್ತು. ಹದಿನಾಲ್ಕು ಮಕ್ಕಳಲ್ಲಿ ಐವರು ಮಾತ್ರ ಸೋಮವಾರ ಶಾಲೆಗೆ ಬಂದರು. ಮರಿಫೆ ಬರಲಿಲ್ಲ.

ಮೂರು ವಾರ ಬಿಟ್ಟು ಸಾಬೆಲ್‌ಳನ್ನು ಹುಡುಕಿ ಹೋದೆ. ಸಂತೆಯ ಗೋದಾಮಿನ ಹಿಂದೆ, ಗೋಣಿಚೀಲಗಳನ್ನು ಒಟ್ಟುವ ಮಾಡಿನ ಕೆಳಗೆ ಒಂದು ಮೂಲೆ ಸಿಕ್ಕಿತ್ತು ಅವಳಿಗೆ. ರೋಹೆಲ್ ಮಗಳನ್ನು ಕರೆದುಕೊಂಡು ನಗರದಾಚೆ ತನ್ನ ಅಣ್ಣನ ಮನೆಗೆ ಹೋಗಿದ್ದ. ಅವಳು ಒಬ್ಬಳೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ: ಸಭಾಂಗಣ, ಹಾಳೆ, ಸಹಿ. ಊಟದ ಪೊಟ್ಟಣವನ್ನೂ ಬಿಡಲಿಲ್ಲ. ಅವಳ ಕೈ ನಿಲ್ಲಲಿಲ್ಲ.

"ಗೊತ್ತಿತ್ತು ಮ್ಯಾಮ್," ಎಂದಳು. "ಆ ಹುಡುಗ ಕಾಗದ ಮಡಚಿದನಲ್ಲ, ಆಗ ನಾನು ನಿಮ್ಮ ಮುಖಾನೇ ನೋಡ್ತಿದ್ದೆ."

"ತಪ್ಪಾಯ್ತು ಆಲಿಂಗ್ ಸಾಬೆಲ್. ಕ್ಷಮಿಸಿ."

"ಇಲ್ಲದವ್ರ ಹತ್ರ ಹೇಗೆ ಕ್ಷಮೆ ಕೇಳ್ತೀರಿ?" ಅವಳ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. "ಶೂನ್ಯ ಅಂತ ಬರೆದ್ರಲ್ಲ. ಶೂನ್ಯಕ್ಕೆ ಬಾಯಿ ಎಲ್ಲಿಂದ ಬರತ್ತೆ ಮ್ಯಾಮ್, ಆಯ್ತು ಬಿಡಿ ಅನ್ನೋಕೆ?"

ನಾನು ಅಳತೊಡಗಿದೆ. ಅವಳು ಒಂದು ಮಣೆಯನ್ನು ಕಾಲಲ್ಲಿ ನನ್ನ ಕಡೆ ತಳ್ಳಿದಳು. "ಕೂತ್ಕೊಂಡು ಅಳಿ. ಬೆಳ್ಳುಳ್ಳಿ ಸುಲೀತಾ ಅಳಿ, ನಂಗೂ ಉಪಕಾರ ಆಗತ್ತೆ." ಸಂಜೆಯವರೆಗೆ ಸುಲಿದೆ. ಉಗುರಿನ ಸಂದಿಯೆಲ್ಲ ಉರಿಯಿತು. ಹೊರಡುವಾಗ ಅವಳು ಹೇಳಿದಳು: "ನನ್ನ ಹತ್ರ ಹೇಳಿ ಏನು ಬಂತು? ನಿಮ್ಮ ಸಹಿ ಯಾರ ಹತ್ರ ಇದೆಯೋ ಅವ್ರ ಹತ್ರ ಹೇಳಿ."

ಹಾಗೆ ನಿಮ್ಮ ಕಚೇರಿಗೆ ಬಂದೆ. ಮೊದಲ ಸಲ, ಗಣತಿ ಮುಗಿದಿದೆ, ತಿದ್ದುಪಡಿಗೆ ಅವಕಾಶವಿಲ್ಲ ಎಂದರು. ಎರಡನೇ ಸಲ, ದೂರನ್ನು ಗಣತಿದಾರರು ಕೊಡುವಂತಿಲ್ಲ, ಬಾಧಿತ ನಿವಾಸಿಗಳೇ ಕೊಡಬೇಕು ಎಂದರು. ಸರಿ, ಸಾಬೆಲ್‌ಳನ್ನೇ ಕರೆತಂದೆ. ಕಿಟಕಿಯಲ್ಲಿದ್ದ ಗುಮಾಸ್ತರು ಅವಳ ಹೆಸರನ್ನು ಗಣಕಯಂತ್ರದಲ್ಲಿ ಹುಡುಕಿ, "ಈ ಹೆಸರಿನ ನಿವಾಸಿ ನಮ್ಮ ನಗರದಲ್ಲಿ ಇಲ್ಲ, ಹಾಗಾಗಿ ದೂರು ತಗೊಳ್ಳೋಕಾಗಲ್ಲ," ಎಂದರು. ಪಟ್ಟಿಯಲ್ಲಿ ಇಲ್ಲವೆಂದು ದೂರಲು ಪಟ್ಟಿಯಲ್ಲಿ ಇರಬೇಕು! ಇಷ್ಟು ಚೊಕ್ಕವಾದ ತರ್ಕವನ್ನು ಯಾರು ಕಟ್ಟಿದರು, ಮಾನ್ಯರೇ? ಲಂಡನ್ನಿನವರೇ? ಟೋಕಿಯೊದವರೇ? ಅಥವಾ ಇದು ಅಪ್ಪಟ ಸ್ಥಳೀಯ ಪ್ರತಿಭೆಯೇ? ಹಾಗಿದ್ದರೆ ಮುಂದಿನ ಪುಸ್ತಿಕೆಯಲ್ಲಿ ಅದಕ್ಕೊಂದು ಪುಟವಿರಲಿ.

ಒಂದು ಮಾತು ಕೇಳುತ್ತೇನೆ. ದೊಡ್ಡ ನಗರವೆಂದರೆ ಏನು? ನೀವು ತೋರಿಸುವ ಗೋಪುರವನ್ನು ನಿಲ್ಲಿಸಿದ ಕಬ್ಬಿಣ ಬಗ್ಗಿದ್ದು ರೋಹೆಲ್‌ನಂಥವರ ಕೈಯಲ್ಲಿ. ಆ ಗೋಪುರದ ಆದಾಯ ನಗರದ ಆದಾಯ. ರೋಹೆಲ್ ಮಾತ್ರ ನಗರದವನಲ್ಲ. ದುಡಿಮೆಯನ್ನು ಮೇಲಿನ ಸಂಖ್ಯೆಯಲ್ಲಿ ಇಟ್ಟುಕೊಂಡು ದುಡಿದವನನ್ನು ಕೆಳಗಿನ ಸಂಖ್ಯೆಯಿಂದ ತೆಗೆದರೆ ಬರುವ ಉತ್ತರಕ್ಕೆ ನನ್ನ ತರಗತಿಯಲ್ಲಿ ಕೆಂಪು ಶಾಯಿಯ ಅಡ್ಡಗೆರೆ ಬೀಳುತ್ತದೆ. ಜಗತ್ತಿನ ಬೇರೆ ಮಹಾನಗರಗಳೂ ಹೀಗೇ ಮಾಡಿ ದೊಡ್ಡವಾದವೋ ನನಗೆ ತಿಳಿಯದು. ಮಾಡಿದ್ದರೆ ಅಲ್ಲಿಯೂ ನನ್ನಂಥವಳೊಬ್ಬಳು ಇಂಥದೊಂದು ಹಾಳೆಗೆ ಸಹಿ ಹಾಕಿ ಮನೆಗೆ ಹೋಗಿ ಮಲಗಿರಬೇಕು. ನಿಮ್ಮನ್ನು ಬೈಯುತ್ತಿರುವಾಗಲೂ ನನಗೆ ಇದು ಮರೆಯುವುದಿಲ್ಲ. ಬರೆಯಲು ಹೇಳಿದವರು ನಿಮ್ಮವರು, ಕೇಳಿಯೂ ತಡೆಯದವರು ನೀವು. ಬರೆದವಳು ನಾನು. ನಿಮಗೆ ಅವರ ಮುಖ ಗೊತ್ತಿರಲಿಲ್ಲ; ನನಗೆ ಗೊತ್ತಿತ್ತು.

ಏಪ್ರಿಲ್‌ನಿಂದ ಪ್ರತಿ ಭಾನುವಾರ ಚರ್ಚಿನ ಬೆಳಗಿನ ಪೂಜೆ ಮುಗಿಸಿ ಅವರನ್ನು ಹುಡುಕುತ್ತಿದ್ದೇನೆ. ಮೇಲ್ಸೇತುವೆಗಳ ಕೆಳಗೆ, ಬಂಧುಗಳ ಜಗಲಿಗಳಲ್ಲಿ, ಬೇರೆ ಕಾಲುವೆಗಳ ಮೇಲೆ, ಎರಡು ತಾಸು ಜೀಪ್ನಿಯಲ್ಲಿ ಹೋಗಬೇಕಾದ ಊರುಗಳಲ್ಲಿ ಇದ್ದಾರೆ. ಇಲ್ಲಿಯವರೆಗೆ ಇನ್ನೂರ ಎಪ್ಪತ್ತಮೂರು ಜನ ಸಿಕ್ಕಿದ್ದಾರೆ. ಹೆಸರು, ವಯಸ್ಸು, ಹಳೆಯ ಮನೆಯ ಜಾಗ, ಈಗಿನ ಜಾಗ ಎಲ್ಲವನ್ನೂ ಬರೆದುಕೊಂಡಿದ್ದೇನೆ. ಇಬ್ಬರು ತೀರಿಕೊಂಡಿದ್ದಾರೆ, ಮೂರು ಮಕ್ಕಳು ಹುಟ್ಟಿದ್ದಾರೆ. ಹೆಚ್ಚಿನವರು ನನ್ನನ್ನು ಒಳಗೆ ಕರೆದು ಕಾಫಿ ಕೊಟ್ಟರು. ಕಾಫಿ ಕುಡಿಯುವುದು ಕಷ್ಟವಾಯಿತು.

ಹೋದ ಭಾನುವಾರ ರೋಹೆಲ್ ಸಿಕ್ಕಿದ. ಅವನ ಅಣ್ಣನ ಮನೆಯ ಬಾಗಿಲಲ್ಲಿ ಅಡ್ಡ ನಿಂತು ಮಾತಾಡಿದ. ಒಳಗೆ ಮರಿಫೆ ಇಣುಕಿದಳು. ಅವನು ಕೈಯಲ್ಲೇ ಅವಳನ್ನು ಹಿಂದಕ್ಕೆ ಕಳಿಸಿದ.

"ಬೇಡ ಮ್ಯಾಮ್. ನಮ್ಮ ಹೆಸರು ಬರೀಬೇಡಿ."

"ಯಾಕೆ ರೋಹೆಲ್? ಪಟ್ಟೀಲಿ ಹೆಸರಿದ್ರೆ ಮನೆ ಕೇಳೋಕೆ ಹಕ್ಕು ಬರತ್ತೆ."

"ಹೋದ್ಸಲಾನೂ ಬರ್ಕೊಂಡ್ರಿ. ನೀವು ಬರ್ಕೊಳ್ಳೋಕೆ ಮುಂಚೆ ಮೂವತ್ತಾರು ವರ್ಷ ಆ ಮನೆ ಇತ್ತು. ಬರ್ಕೊಂಡು ಹೋದ್ಮೇಲೆ ಒಂದ್ವರ್ಷಾನೂ ಇರ್ಲಿಲ್ಲ. ನಿಮ್ಮ ಮೇಲೆ ನಂಗೆ ದ್ವೇಷ ಇಲ್ಲ ಮ್ಯಾಮ್. ಆದ್ರೆ ನನ್ನ ಮಗಳ ಹೆಸರು ನಿಮ್ಮ ಪೆನ್ನಿಂದ ಇನ್ನೊಂದ್ಸಲ ಬರೆಸಲ್ಲ."

ನಾನು ಪುಸ್ತಕ ಮುಚ್ಚಿದೆ. ಮರಿಫೆಯ ಹೆಸರು ನನಗೆ ಬಾಯಿಪಾಠವಿದೆ, ಬಸ್ ನಿಲ್ದಾಣದಲ್ಲಿ ಕುಳಿತು ಬರೆದುಕೊಳ್ಳಬಹುದಿತ್ತು. ಬರೆಯಲಿಲ್ಲ. ಅವರನ್ನು ಕೇಳದೆ ಅವರ ಬಗ್ಗೆ ಒಮ್ಮೆ ಬರೆದದ್ದು ಸಾಕು. ಹೀಗೆ ಬರೆಸಿಕೊಳ್ಳಲು ಒಪ್ಪದವರು ಒಟ್ಟು ಒಂಬತ್ತು ಮನೆಗಳವರು.

ಆದ್ದರಿಂದ ನನ್ನ ಕೋರಿಕೆ ಇದು. ಆ ಸುಳ್ಳು ಹಾಳೆಯನ್ನು ರದ್ದು ಮಾಡಿ, ರದ್ದು ಮಾಡಿದ ಸುದ್ದಿಯನ್ನು ಪುಸ್ತಿಕೆ ಹೋದಲ್ಲಿಗೆಲ್ಲ ಕಳಿಸಿಕೊಡಿ. ಸಿಕ್ಕ ಇನ್ನೂರ ಎಪ್ಪತ್ತಮೂರು ಜನರ ಪಟ್ಟಿಯನ್ನು ಸ್ವೀಕರಿಸಿ, ಅವರಿಗೆ ಕಾನೂನಿನಂತೆ ಸಲ್ಲಬೇಕಾದ ಮನೆಗಳನ್ನು ತೋರಿಸಿ. ಸುಳ್ಳು ದಾಖಲೆ ಬರೆದದ್ದಕ್ಕೆ ನನ್ನ ಮೇಲೆ ಕ್ರಮ ಜರುಗಿಸಿ. ನಿವೃತ್ತಿಗೆ ಮೂರು ವರ್ಷವೂ ಉಳಿದಿಲ್ಲ, ಬೇಗ ಜರುಗಿಸಿ. ಇವೆಲ್ಲ ನೀವು ಕುರ್ಚಿಯಲ್ಲಿ ಕುಳಿತೇ ಮಾಡಬಹುದಾದವು. ಕೊನೆಯದೊಂದಕ್ಕೆ ಮಾತ್ರ ನೀವು ಏಳಬೇಕು. ಆ ಒಂಬತ್ತು ಮನೆಗಳಿಗೆ ನೀವೇ ಬರಬೇಕು. ಕಾರು, ಸಿಬ್ಬಂದಿ, ಛಾಯಾಗ್ರಾಹಕರು ಬೇಡ. ದಾರಿ ನಾನು ತೋರಿಸುತ್ತೇನೆ, ಆದರೆ ಬಾಗಿಲು ನೀವು ತಟ್ಟಬೇಕು. "ನಿಮ್ಮ ಹೆಸರೇನು?" ಎಂದು ಕೇಳಬೇಕು. ಅವರು ಹೇಳದಿದ್ದರೆ ಹೇಳುವವರೆಗೆ ಹೊರಗೆ ನಿಂತಿರಬೇಕು. ನಾನೂ ನಿಮ್ಮ ಪಕ್ಕದಲ್ಲಿ ನಿಂತಿರುತ್ತೇನೆ.

ಇಂತಿ,
ಬಾಯಿ ಬಿಡಬೇಕಾದಲ್ಲಿ ಬಿಡದೆ ಈಗ ಬಿಟ್ಟಿರುವ
ರೆಮೆದಿಯೋಸ್ ಕತಿಂದಿಗ್
ನಾಲ್ಕನೇ ತರಗತಿಯ ಶಿಕ್ಷಕಿ, ಕಾಲುವೆಯ ಮೇಲೆ ಹುಟ್ಟಿದವಳು